ಕಿವಿ ಮುಚ್ಚಿದರೆ ಕೇಳುವ ಮಗ್ಗ

ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಮೆತ್ತಗೆ ಮಾತಾಡುವುದು ಬರುವುದಿಲ್ಲ. ನನಗಂತೂ ಇವತ್ತಿಗೂ ಬಂದಿಲ್ಲ. ಬಸ್ಸಿನಲ್ಲಿ ಪಕ್ಕದವರ ಜೊತೆ ನಾಲ್ಕು ಮಾತಾಡಿದರೆ ಮುಂದಿನ ಸೀಟಿನವರು ತಿರುಗಿ ನೋಡುತ್ತಾರೆ, ಏನೋ ಜಗಳ ಅಂದುಕೊಂಡು. ಜಗಳವಲ್ಲ ಸ್ವಾಮಿ, ನಮ್ಮದು ದೊಡ್ಡಬಳ್ಳಾಪುರ. ನಮ್ಮ ಬೀದಿಯಲ್ಲಿ ಮನೆಗೊಂದು ಪವರ್‌ಲೂಮ್ ಶೆಡ್ಡು. ಬೆಳಗ್ಗೆ ಹಾಲು ಕಾಯಿಸುವ ಹೊತ್ತಿಗೆ ಶುರುವಾದ ಮಗ್ಗಗಳು ಊಟದ ಹೊತ್ತು ಬಿಟ್ಟರೆ ದಿನವಿಡೀ ಬಡಿದುಕೊಳ್ಳುತ್ತಲೇ ಇರುತ್ತಿದ್ದವು. ಗೋಡೆ ನಡುಗುತ್ತಿತ್ತು, ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ಗಿಲಗಿಲ ಅನ್ನುತ್ತಿದ್ದವು. ಅದನ್ನು ನಾವು ಸದ್ದು ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ. ಕರೆಂಟು ಹೋಗಿ ಊರೆಲ್ಲಾ ಒಮ್ಮೆಗೇ ಸುಮ್ಮನಾದಾಗ ಮಾತ್ರ, ಇದೇನಾಯಿತಪ್ಪಾ ಅಂತ ತಲೆಯೆತ್ತಿ ನೋಡುತ್ತಿದ್ದೆವು.

ಶೆಡ್ಡಿನೊಳಗೆ ಬಾಯಿಗೆ ಕೆಲಸವಿಲ್ಲ. ಅಲ್ಲಿ ಕೈಯೇ ಮಾತು. ಅಂಗೈ ಅಗಲಿಸಿ ಎತ್ತಿ ಹಿಡಿದರೆ 'ನಿಲ್ಲು, ಎಳೆ ಹೋಗಿದೆ' ಅಂತ ಅರ್ಥ. ಹೆಬ್ಬೆರಳು ತೋರುಬೆರಳು ಕೂಡಿಸಿ, ಏನನ್ನೋ ಚಿವುಟಿ ಮೇಲಕ್ಕೆತ್ತಿದ ಹಾಗೆ ಮಾಡಿದರೆ 'ಎಳೆ ಸಿಕ್ಕಿತು, ಮಗ್ಗ ಓಡಿಸು' ಅಂತ. ದೂರದಲ್ಲಿದ್ದವರನ್ನು ಕರೆಯಬೇಕಾದರೆ ವೇಸ್ಟ್ ನೂಲನ್ನು ಉಂಡೆ ಮಾಡಿ ಬೆನ್ನಿಗೆ ಎಸೆಯಬೇಕು. ನನ್ನ ಅಣ್ಣನ ಗುರಿ ಒಂದು ದಿನವೂ ತಪ್ಪಿದ್ದಿಲ್ಲ. ಸರಿಯಾಗಿ ನನ್ನ ಕುತ್ತಿಗೆಯ ಹಿಂದೆ, ಜಡೆ ಶುರುವಾಗುವ ಜಾಗಕ್ಕೇ ಬಂದು ಬೀಳುತ್ತಿತ್ತು. ನಾನು ತಿರುಗಿ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಅವನಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ, ತುಟಿ ನೋಡಿಯೇ ನಗುತ್ತಿದ್ದ.

ಮನೆಯಲ್ಲಿದ್ದವರು ಅಪ್ಪ, ಅಮ್ಮ, ಅಣ್ಣ ಮತ್ತು ನಾನು. ಶೆಡ್ಡಿನಲ್ಲಿ ನಾಲ್ಕು ಮಗ್ಗ. ಅಮ್ಮ ಮಗ್ಗಕ್ಕೆ ನಿಲ್ಲುತ್ತಿರಲಿಲ್ಲ, ಮೂಲೆಯಲ್ಲಿ ಯಂತ್ರದ ಮುಂದೆ ಕೂತು, ಲಾಳಿಯೊಳಗೆ ಕೂರಿಸುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಕಿಟಕಿಯ ಪಕ್ಕದ ಮಗ್ಗ ಅಣ್ಣನದು. ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಹೊಡೆದು ಅಟ್ಟುವ ಮರದ ಕೋಲು ಇರುತ್ತದಲ್ಲ, ಅದರಲ್ಲಿ ಎಡಗಡೆಯದು ಒಂದು ಸಲ ಸೀಳು ಬಿಟ್ಟಿತು. ಹೊಸದು ಹಾಕಿಸು ಅಂತ ಅಪ್ಪ ಹೇಳಿದರೆ, ಇವನು ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿದು ಕಟ್ಟಿದ. ಮಗ್ಗ ಓಡಿತು. ಬಟ್ಟೆಗೂ ಏನೂ ಆಗಲಿಲ್ಲ. ಆದರೆ ಮಗ್ಗ ಕುಂಟಿತು. ಬಲಗಡೆಯಿಂದ ಟಕ್ಕನೆ ಹೋದ ಲಾಳಿ ಎಡಗಡೆಯಿಂದ ಬರುವಾಗ ಒಂದು ಚೂರು ತಡ ಮಾಡುತ್ತಿತ್ತು. ಟಕ್ಕಟ... ಟಕ್. ಟಕ್ಕಟ... ಟಕ್.

ನಾವು ಅದನ್ನು ಕುಂಟುಮಗ್ಗ ಅಂತಲೇ ಕರೆದೆವು. ಅಮ್ಮನ ಜೊತೆ ಸಂತೆಯಿಂದ ಬರುವಾಗ, ಇನ್ನೂ ಬೀದಿಯ ತುದಿಯಲ್ಲಿರುವಾಗಲೇ ಅವಳು ಚೀಲ ಕೆಳಗಿಟ್ಟು ಕಿವಿಗೊಡುತ್ತಿದ್ದಳು. ಅಷ್ಟು ಮನೆಗಳ ಅಷ್ಟು ಮಗ್ಗಗಳ ನಡುವೆ ಅವಳಿಗೆ ತನ್ನ ಮಗನದು ಸಿಗುತ್ತಿತ್ತು.

"ನಿಮ್ಮಣ್ಣ ಇನ್ನೂ ಊಟಕ್ಕೆ ಎದ್ದಿಲ್ಲ ಕಣೇ," ಅನ್ನುತ್ತಿದ್ದಳು. "ಬೇಗ ಕಾಲು ಹಾಕು."

ಅಣ್ಣನಿಗೆ ಹಾಡಿನ ಹುಚ್ಚು. ಶೆಡ್ಡಿನ ತೊಲೆಗೆ ದೊಡ್ಡ ಸ್ಪೀಕರ್ ಕಟ್ಟಿ, ಮಗ್ಗದ ಸದ್ದನ್ನೂ ಮೀರಿಸುವ ಹಾಗೆ ಟೇಪ್ ಹಾಕುತ್ತಿದ್ದ. ಬೀದಿಯ ಎಲ್ಲ ಶೆಡ್ಡುಗಳಲ್ಲೂ ಇದೇ ಕಥೆ. ಒಬ್ಬರಿಗಿಂತ ಒಬ್ಬರು ಜೋರು. ಕೆಟ್ಟುಹೋದ ರೇಡಿಯೋ, ಟೇಪ್ ರೆಕಾರ್ಡರ್ ಯಾರ ಮನೆಯಲ್ಲಿದ್ದರೂ ತಂದು ಬಿಚ್ಚಿ ಕೂರುತ್ತಿದ್ದ. ಅವನ ಪಕ್ಕದಲ್ಲಿ ಕೂತೇ ನಾನು ಬೆಸುಗೆ ಹಾಕುವುದು ಕಲಿತದ್ದು. "ಉಸಿರು ಬಿಗಿ ಹಿಡಿ, ಕೈ ತಾನಾಗೇ ನಿಲ್ಲುತ್ತೆ," ಅನ್ನುತ್ತಿದ್ದ. ಹುಡುಗಿಗೆ ಇದೆಲ್ಲ ಯಾಕೆ ಅಂತ ಪಕ್ಕದ ಮನೆಯವರು ಕೇಳಿದರೆ, "ಬಾಯಿ ಸ್ವಲ್ಪ ಹೊತ್ತಾದ್ರೂ ಮುಚ್ಚಿರ್ತಾಳೆ ಅಂತ," ಅಂದಿದ್ದ, ನನ್ನೆದುರಿಗೇ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವನಿಗೆ ಕಾಮಾಲೆ ಬಂತು. ಮೊದಲು ನಾಟಿ ಔಷಧಿ, ಆಮೇಲೆ ಆಸ್ಪತ್ರೆ, ಆಮೇಲೆ ಏನೂ ಇಲ್ಲ. ಅದನ್ನು ಉದ್ದ ಮಾಡಿ ಹೇಳಲು ನನಗೆ ಮನಸ್ಸಿಲ್ಲ.

ಅವನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ನಮ್ಮ ಮನೆಯಲ್ಲಿ ಒಂದು ನಡವಳಿಕೆ ಇದೆ. ನೇಯುವವನು ಹೋದರೆ ಮಗ್ಗದ ಮೇಲಿನ ಬಟ್ಟೆಯನ್ನು ಮನೆಯವರೇ ನೇಯ್ದು ಮುಗಿಸಿ ಕೊಯ್ಯಬೇಕು. ಅರ್ಧಕ್ಕೆ ಬಿಡಬಾರದು. ಬಿಟ್ಟರೆ ಮುಗಿಸುವುದಕ್ಕೆ ಅವನೇ ಬರುತ್ತಾನೆ ಅನ್ನುತ್ತಿದ್ದರು. ತಿಥಿಯೆಲ್ಲ ಮುಗಿದ ಮೇಲೆ ಅಪ್ಪ ನನ್ನನ್ನು ಕರೆದು ಸೀರೆ ಮುಗಿಸು ಅಂದ. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಹಂಗೇ ಇರ್ಲಿ ಬಿಡ್ರಿ," ಅಂದಳು. "ಏನಂಥ ಅವಸರ?"

"ಹಂಗೇ ಬಿಡಬಾರ್ದು ಅಂತ ನಿನಗೆ ಗೊತ್ತಿಲ್ವಾ?" ಅಂತ ಅಪ್ಪ ರೇಗಿದ. ಅವನ ಕಣ್ಣು ಕೆಂಪಾಗಿತ್ತು. ಅಮ್ಮ ಒಳಗೆ ಹೋದಳು. ದುಃಖದಲ್ಲಿ ಏನೋ ಅಂದಳು ಅಂದುಕೊಂಡೆ.

ನಾನು ಸೀರೆ ಮುಗಿಸಿದೆ. ಎಷ್ಟೋ ಸಲ ಎಳೆ ಹೋಯಿತು, ಎಷ್ಟೋ ಸಲ ನಿಲ್ಲಿಸಿ ಅತ್ತೆ. ಸೀರೆ ಕೊಯ್ದ ಮೇಲೆ ಅಪ್ಪ ಆ ಮಗ್ಗವನ್ನು ಇಟ್ಟುಕೊಳ್ಳಲಿಲ್ಲ. ತಮಿಳುನಾಡಿನ ಕಡೆಯವರು ಬಂದು, ಬೋಲ್ಟು ಬಿಚ್ಚಿ, ಲಾರಿಗೆ ಹೇರಿಕೊಂಡು ಹೋದರು. ಕಿಟಕಿಯ ಪಕ್ಕ ಸಿಮೆಂಟಿನ ನೆಲದಲ್ಲಿ ನಾಲ್ಕು ತೂತು ಉಳಿದವು. ಅಪ್ಪ ಅವನ್ನು ಮುಚ್ಚಿಸುತ್ತೇನೆ ಅನ್ನುತ್ತಲೇ ಇದ್ದ, ಮುಚ್ಚಿಸಲಿಲ್ಲ.

ಸದ್ದು ಶುರುವಾದದ್ದು ಅದಾದ ಮೇಲೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೂರು ಮಗ್ಗವೂ ನಿಂತವು, ಬೀದಿಯೂ ನಿಂತಿತು. ನಾನು ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದೆ. ಆಗ ಕಿಟಕಿಯ ಕಡೆಯಿಂದ, ದೂರದಲ್ಲಿ ಎಲ್ಲೋ ಅನ್ನುವ ಹಾಗೆ ಕೇಳಿಸಿತು. ಟಕ್ಕಟ... ಟಕ್. ಟಕ್ಕಟ... ಟಕ್.

ಓಡಿಹೋಗಿ ಕಿಟಕಿಯಿಂದ ಹೊರಗೆ ನೋಡಿದೆ. ಪಕ್ಕದ ಮನೆಯ ಶೆಡ್ಡೂ ನಿಂತಿತ್ತು, ಅವರು ಜಗಲಿಯಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಅಂತ ಗೊತ್ತಿತ್ತು. ಅಪ್ಪ ಶಾಂತಿ ಮಾಡಿಸುತ್ತಾನೆ, ಅಮ್ಮ ಹಾಸಿಗೆ ಹಿಡಿಯುತ್ತಾಳೆ. ಕಿವಿಯಲ್ಲಿ ಬಂದದ್ದು ಕಿವಿಯಲ್ಲೇ ಸಾಯಲಿ ಅಂತ ನುಂಗಿಕೊಂಡೆ. ಸಾಯಲಿಲ್ಲ. ಕರೆಂಟು ಹೋದಾಗಲೆಲ್ಲ ಕೇಳಿಸಿತು, ಸ್ನಾನದ ಮನೆಯಲ್ಲಿ ಕೇಳಿಸಿತು, ತಲೆದಿಂಬಿಗೆ ಕಿವಿ ಒತ್ತಿ ಮಲಗಿದರೆ ಇನ್ನೂ ಚೆನ್ನಾಗಿ ಕೇಳಿಸಿತು. ನನಗೆ ಅಣ್ಣನ ಮೇಲೆ ಸಿಟ್ಟು ಬರುತ್ತಿತ್ತು. ಹೋದವನು ಹೋದ, ಸೀರೆಯನ್ನೂ ಮುಗಿಸಿಕೊಟ್ಟಾಯಿತು, ಇನ್ನೇನು ಕೆಲಸ ನಿನಗೆ ಇಲ್ಲಿ ಅಂತ ಮನಸ್ಸಿನಲ್ಲೇ ಬೈಯುತ್ತಿದ್ದೆ.

ಹೀಗಿರುವಾಗ ಅಮ್ಮನ ಕಿವಿ ಹೋಗತೊಡಗಿತು. ಹಾಲು ಉಕ್ಕಿ ಒಲೆಯೆಲ್ಲ ತೊಯ್ದರೂ ಪಕ್ಕದಲ್ಲೇ ಕೂತು ಬೇಳೆ ಆರಿಸುತ್ತಿರುತ್ತಿದ್ದಳು. ಎಡಗಡೆಯಿಂದ ಮಾತಾಡಿಸಿದರೆ ತಿರುಗಿ ಬಲಗಡೆ ನೋಡುತ್ತಿದ್ದಳು. ನೆಂಟರ ಮನೆಯ ಹೆಂಗಸರು ನಾಗದೋಷ ಇರಬೇಕು, ಘಾಟಿಯ ದೇವಸ್ಥಾನಕ್ಕೆ ಹೋಗಿ ಹಾಲೆರೆದು ಬನ್ನಿ ಅಂದರು. ಹೋಗಿ ಬಂದೆವು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಅವಳ ಬಲಗಿವಿಗೆ ಬಾಯಿಟ್ಟು ಕೇಳಿದೆ.

"ಕಿವಿ ಸರಿಮಾಡಪ್ಪ ಅಂತ ಕೇಳ್ಕೊಂಡ್ಯಾ?"

"ಇದ್ದದ್ದು ಇದ್ದಂಗೇ ಇರ್ಲಿ, ಅದೊಂದನ್ನ ಕಿತ್ಕೋಬೇಡ ಅಂತ ಕೇಳ್ಕೊಂಡೆ," ಅಂದಳು. ಉಳಿದಿರುವ ಒಂದು ಕಿವಿಯ ಮಾತು ಆಡುತ್ತಿದ್ದಾಳೆ ಅಂತ ನಾನು ತಿಳಿದುಕೊಂಡೆ.

ಅಮ್ಮನ ತಮ್ಮ, ನನ್ನ ಸೋದರಮಾವ, ನೆಲಮಂಗಲದ ಹತ್ತಿರ ತಗಡು ಬಡಿಯುವ ಕಾರ್ಖಾನೆಯಲ್ಲಿದ್ದ. ದೇವರಿಗೆ ಹಾಲೆರೆದದ್ದು ಸಾಕು ಅಂತ ಅವನೇ ನಮ್ಮಿಬ್ಬರನ್ನೂ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಅಮ್ಮನನ್ನು ಒಂದು ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಡಾಕ್ಟರಮ್ಮ ನೇರವಾಗಿ ಹೇಳಿದರು. ಎಡಗಿವಿ ಮುಗಿದಿದೆ. ಬಲಗಿವಿ ಇನ್ನೂ ಸ್ವಲ್ಪ ಇದೆ. ಒಂದೋ ಶೆಡ್ಡು ಬಿಡಬೇಕು, ಇಲ್ಲಾ ಶೆಡ್ಡಿನಲ್ಲಿ ಕಿವಿ ಮುಚ್ಚಿಕೊಂಡು ಕೂರಬೇಕು. ಎರಡೂ ಆಗದಿದ್ದರೆ ಇದ್ದದ್ದೂ ಹೋಗುತ್ತದೆ, ಆಮೇಲೆ ಯಾರೇನು ಮಾಡಿದರೂ ಬರುವುದಿಲ್ಲ.

ಅವರು ಅಷ್ಟು ನೇರವಾಗಿ ಮಾತಾಡಿದ ಧೈರ್ಯದ ಮೇಲೆ ನಾನು ನನ್ನದನ್ನೂ ಕೇಳಿಬಿಟ್ಟೆ. ಸುಮ್ಮನಿದ್ದಾಗ ಮಗ್ಗದ ಸದ್ದು ಕೇಳಿಸುತ್ತದೆ, ಏನಿದು ಅಂತ.

"ಕಿವಿ ಕೆಟ್ಟಾಗ ಅದೇ ಸದ್ದು ಮಾಡ್ಕೊಳುತ್ತೆ ಕಣಮ್ಮ. ಮಗ್ಗದವರಲ್ಲಿ ತುಂಬಾ ಜನಕ್ಕೆ ಇದೆ. ಹೆದರ್ಬೇಡ."

"ಅದು ಕುಂಟುತ್ತೆ ಮೇಡಂ."

"ಕುಂಟುತ್ತಾ?" ಅಂತ ಅವರು ನಕ್ಕರು. "ಕಿವಿಗೆಲ್ಲಿ ಬಂತು ಕುಂಟು?"

ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ? ಅಮ್ಮ ನನ್ನ ಮುಖ, ಡಾಕ್ಟರ ಮುಖ ನೋಡುತ್ತಾ ಕೂತಿದ್ದಳು. "ಏನಂದ್ರು?" ಅಂತ ಕೇಳಿದಳು. "ಏನಿಲ್ಲ, ನನಗೆ ಚೆನ್ನಾಗಿ ನಿದ್ದೆ ಮಾಡು ಅಂದ್ರು," ಅಂದೆ.

ಅಮ್ಮ ಶೆಡ್ಡು ಬಿಡುವ ಮಾತೇ ಇರಲಿಲ್ಲ. ಅವಳು ಎದ್ದರೆ ಕಂಡಿಕೆ ಸುತ್ತುವವರಿಲ್ಲ ಅನ್ನುವುದು ಒಂದು. ಬಿಡು ಅಂದರೆ ಅವಳೇ ಉರಿದು ಬೀಳುತ್ತಿದ್ದಳು ಅನ್ನುವುದು ಇನ್ನೊಂದು. ಉಳಿದದ್ದು ಕಿವಿ ಮುಚ್ಚುವುದು. ಹತ್ತಿ ತುರುಕಿದೆ, ಕಿತ್ತು ಬಿಸಾಡಿದಳು. ಹಾಡು ಕೊಟ್ಟರೆ ಸುಮ್ಮನೆ ಹಾಕಿಕೊಳ್ಳುತ್ತಾಳೆ ಅಂತ ಅಣ್ಣನ ಹಳೆಯ ವಾಕ್‌ಮನ್ ತೆಗೆದೆ. ಅದರ ಸ್ಪಂಜಿನ ಹೆಡ್‌ಫೋನನ್ನು ಮೊದಲು ನನ್ನ ಕಿವಿಗೆ ಇಟ್ಟು, ಮೇಲೆ ಮಫ್ಲರ್ ಸುತ್ತಿಕೊಂಡು ಮಗ್ಗಕ್ಕೆ ನಿಂತು ನೋಡಿದೆ. ಹಾಡು ಕೇಳಿಸಬೇಕಾದರೆ ಪೂರ್ತಿ ಜೋರು ಮಾಡಬೇಕಾಯಿತು. ಸಂಜೆಗೆ ತಲೆ ಸಿಡಿದುಹೋಗುತ್ತಿತ್ತು.

ಮಾವ ಬಂದು ನೋಡಿ ತಲೆ ಚಚ್ಚಿಕೊಂಡ. "ಲೇ, ಮಗ್ಗ ಹೊರಗಿಂದ ಬಡಿಯುತ್ತೆ, ಹಾಡು ಒಳಗಿಂದ ಬಡಿಯುತ್ತೆ. ಇರೋ ಕಿವೀನೂ ತೆಗೀಬೇಕು ಅಂತಿದ್ದೀಯಾ? ಮೊದ್ಲು ಹೊರಗಿನದನ್ನ ತಡಿ. ಆಮೇಲೆ ಹಾಡು ಪಿಸುಗುಟ್ಟಿದ್ರೂ ಸಾಕು."

ಮುಂದಿನ ಸಲ ಬರುವಾಗ ಅವನ ಕಾರ್ಖಾನೆಯಲ್ಲಿ ಕೊಡುವ ಕಿವಿಮುಚ್ಚಳ ತಂದ. ಎರಡು ಗಟ್ಟಿ ಪ್ಲಾಸ್ಟಿಕ್ ಬಟ್ಟಲು, ಒಳಗೆ ಸ್ಪಂಜು, ಅಂಚಿಗೆ ಮೆತ್ತನೆಯ ದಿಂಬು, ಎರಡನ್ನೂ ತಲೆಯ ಮೇಲಿಂದ ಬಿಗಿ ಹಿಡಿಯುವ ಪಟ್ಟಿ. ಅಲ್ಲಿ ಯಾರೂ ಹಾಕುವುದಿಲ್ಲವಂತೆ, ಹಾಕಿದವನನ್ನು 'ಗುರು, ಯಾವ ಏರೋಪ್ಲೇನು ಓಡಿಸ್ತೀಯಾ' ಅಂತ ರೇಗಿಸುತ್ತಾರಂತೆ.

ನಾನು ಅಣ್ಣನ ಸಾಮಾನಿನ ಪೆಟ್ಟಿಗೆ ತೆರೆದೆ. ಅವನು ಹೋದ ಮೇಲೆ ತೆರೆದದ್ದು ಅದೇ ಮೊದಲು. ಬೆಸುಗೆ ಕಡ್ಡಿ, ಸೀಸದ ತಂತಿ, ರಾಳದ ಡಬ್ಬಿ, ಎಲ್ಲ ಇಟ್ಟ ಹಾಗೇ ಇದ್ದವು. ವಾಕ್‌ಮನ್ ಹೆಡ್‌ಫೋನಿನ ಎರಡು ಪುಟ್ಟ ಸ್ಪೀಕರುಗಳನ್ನು ಬಿಡಿಸಿ, ಬಟ್ಟಲಿನ ಸ್ಪಂಜಿನಲ್ಲಿ ಗುಳಿ ಮಾಡಿ ಕೂರಿಸಿದೆ. ಉಸಿರು ಬಿಗಿ ಹಿಡಿದು ತಂತಿ ಬೆಸೆದೆ. ಎಷ್ಟು ತಿರುಗಿಸಿದರೂ ಹಾಡು ಒಂದು ಮಟ್ಟಕ್ಕಿಂತ ಏರದ ಹಾಗೆ ನಡುವೆ ಎರಡು ಪುಟ್ಟ ರೆಸಿಸ್ಟರ್ ಸೇರಿಸಿದೆ, ಒಂದೊಂದು ಕಿವಿಗೆ ಒಂದು. ವೈರು ಹೊರಗೆ ಬರಲು ಬಟ್ಟಲಿಗೆ ತೂತು ಕೊರೆದದ್ದೇ ತಪ್ಪಾಯಿತು. ಹಾಕಿಕೊಂಡು ನೋಡಿದರೆ ಆ ಸೂಜಿಯಷ್ಟು ತೂತಿನಿಂದ ಇಡೀ ಶೆಡ್ಡು ಒಳಗೆ ಬಂತು. ಅದನ್ನು ಮುಚ್ಚಲು ಏನಾದರೂ ಸಿಗುತ್ತದೇನೋ ಅಂತ ಪೆಟ್ಟಿಗೆಯ ತಳ ಕೆದಕಿದಾಗ ಸುರುಳಿ ಸುತ್ತಿಟ್ಟ ಸೈಕಲ್ ಟ್ಯೂಬಿನ ಪಟ್ಟಿ ಸಿಕ್ಕಿತು. ಮಗ್ಗದ ಕೋಲಿಗೆ ಕಟ್ಟಿ ಉಳಿದದ್ದು. ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಆಮೇಲೆ ಉಗುರಗಲ ಕತ್ತರಿಸಿ, ಪಂಕ್ಚರ್ ಸೊಲ್ಯೂಷನ್ ಹಚ್ಚಿ, ತೂತಿನ ಮೇಲೆ ಅಂಟಿಸಿದೆ.

ಹಾಡು ಹಾಕದೆಯೇ ಮೊದಲು ಪರೀಕ್ಷೆ ಮಾಡಿದೆ. ಮಗ್ಗಗಳು ಓಡುತ್ತಿದ್ದವು. ಕಿವಿಗೆ ಬಟ್ಟಲು ಕೂತ ತಕ್ಷಣ ಎಲ್ಲವೂ ದೂರ ಸರಿದುಹೋಯಿತು, ಆಚೆ ಬೀದಿಗೆ ಹೋದ ಹಾಗೆ. ನನಗೆ ಕುಣಿಯುವಷ್ಟು ಸಂತೋಷ. ಅಷ್ಟರಲ್ಲಿ, ಆ ದೂರದ ಸದ್ದಿನ ಮೇಲೆ, ನನ್ನ ಹೆಗಲ ಹತ್ತಿರದಿಂದ ಅನ್ನುವ ಹಾಗೆ, ಟಕ್ಕಟ... ಟಕ್. ಟಕ್ಕಟ... ಟಕ್. ಹಿಂದೆಂದೂ ಅಷ್ಟು ಹತ್ತಿರದಿಂದ ಕೇಳಿಸಿರಲಿಲ್ಲ. ತಿರುಗಿ ನೋಡಿದೆ. ಕಿಟಕಿಯ ಬಿಸಿಲು, ನೆಲದ ತೂತುಗಳು, ಅಷ್ಟೇ. ಕುತ್ತಿಗೆಯ ಹಿಂದೆ, ನೂಲಿನ ಉಂಡೆ ಬೀಳುತ್ತಿದ್ದ ಜಾಗದಲ್ಲಿ, ಕೂದಲು ನೆಟ್ಟಗಾಯಿತು. ವಾಕ್‌ಮನ್ ಒತ್ತಿದೆ. ಹಾಡು ಬಂತು, ಆ ಸದ್ದು ಮುಳುಗಿತು. ಹಾಡಿಲ್ಲದೆ ಇದನ್ನು ಹಾಕಿಕೊಳ್ಳಬಾರದು ಅಂತ ಆಗಲೇ ತೀರ್ಮಾನಿಸಿದೆ.

ಅಪ್ಪನಿಗೆ ಇದೆಲ್ಲ ಸರಿಬರಲಿಲ್ಲ. "ಕಿವಿ ಮುಚ್ಕೊಂಡ್ರೆ ಮಗ್ಗದ ತಪ್ಪು ಹೆಂಗಮ್ಮ ಗೊತ್ತಾಗುತ್ತೆ? ಲಾಳಿ ಹಾರಿ ಯಾರ ಕಣ್ಣಿಗಾದ್ರೂ ಬಿದ್ರೆ?" ಅವನು ಹೇಳಿದ್ದು ನಿಜವೇ. ನಾವು ಮಗ್ಗ ನೋಡಿ ನೇಯುವವರಲ್ಲ, ಕೇಳಿ ನೇಯುವವರು. ಆದರೆ ಅಮ್ಮನಿರುವುದು ಕಂಡಿಕೆಯ ಮುಂದೆ, ಅವಳ ಹತ್ತಿರ ಲಾಳಿ ಎಲ್ಲಿಂದ ಹಾರುತ್ತದೆ ಅಂತ ನಾನು ವಾದಕ್ಕೆ ನಿಂತೆ. ಅಪ್ಪ ಏನಾದರೂ ಮಾಡ್ಕೋ ಹೋಗು ಅಂದ.

ಅಮ್ಮನಿಗೆ ಇಷ್ಟವಾದ ದೇವರನಾಮದ ಕ್ಯಾಸೆಟ್ ಹಾಕಿ, ಕಿವಿಗೆ ತೊಡಿಸಿದೆ. ಒಂದು ಗಳಿಗೆ ಅವಳ ಮುಖ ಅರಳಿತು. ಎಷ್ಟೋ ದಿನದ ಮೇಲೆ ಹಾಡು ಕೇಳಿಸಿತ್ತು ಅವಳಿಗೆ. ಆಮೇಲೆ ಏನನ್ನೋ ಹುಡುಕುವವಳ ಹಾಗೆ ತಲೆ ವಾಲಿಸಿದಳು. ಕಿಟಕಿಯ ಕಡೆ ನೋಡಿದಳು. ಮುಖ ಕಪ್ಪಿಟ್ಟಿತು. ಕಿತ್ತು ಕಂಡಿಕೆಯ ಬುಟ್ಟಿಗೆ ಎಸೆದಳು.

"ತೆಗಿ ಇದನ್ನ ಆಚೆ. ಏನೂ ಕೇಳ್ಸಲ್ಲ ಇದ್ರಲ್ಲಿ."

"ಹಾಡು ಕೇಳ್ಸಲಿಲ್ವಾ?"

"ಹಾಡು ಯಾರಿಗೆ ಬೇಕೇ? ಯಾರಾದ್ರೂ ಕರೆದ್ರೆ ಗೊತ್ತಾಗೋದು ಹೆಂಗೆ?"

"ಯಾರಮ್ಮ ಕರೀತಾರೆ ನಿನ್ನ ಇಲ್ಲಿ?" ಅಂತ ನಾನು ಕೂಗಿದೆ. ಅವಳು ಕಂಡಿಕೆಗೆ ನೂಲು ಸಿಕ್ಕಿಸಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ದಿನಾ ಒಂದು ಜಗಳ. ಗೋಗರೆದೆ, ಬೈದೆ, ಕಿವುಡಿ ಆಗಿ ಮೂಲೆಯಲ್ಲಿ ಕೂತ್ಕೋ ಅಂತ ಕೂಡ ಅಂದುಬಿಟ್ಟೆ. ಯಾವುದನ್ನೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಬಲಗಿವಿಯೂ ಇಳಿಯುತ್ತಾ ಬಂತು. ಬಾಗಿಲು ಬಡಿದದ್ದು ಕೇಳಿಸದೆ ಮಾವನನ್ನೇ ಒಂದು ಸಲ ಹೊರಗೆ ನಿಲ್ಲಿಸಿದ್ದಳು. ನನ್ನ ದನಿ ಅವಳಿಗೆ ಕೇಳಿಸದೆ ಹೋಗುವ ದಿನ ಬರುತ್ತಿದೆ ಅಂತ ನನಗೆ ಭಯವಾಗುತ್ತಿತ್ತು. ಬೈಗುಳವಾದರೂ ಕೇಳಿಸಲಿ, ಪೂರ್ತಿ ಕಳೆದುಕೊಳ್ಳುವುದು ಬೇಡ ಅಂತ ಅನಿಸುತ್ತಿತ್ತು.

ಆ ಹೆಡ್‌ಫೋನನ್ನು ಶೆಡ್ಡಿನ ಮೊಳೆಗೆ ನೇತುಹಾಕಿದೆ. ಆಗೊಮ್ಮೆ ಈಗೊಮ್ಮೆ ನಾನೇ ಹಾಕಿಕೊಳ್ಳುತ್ತಿದ್ದೆ, ಹಾಡಿನ ಜೊತೆ. ಅದರಲ್ಲೂ ಒಂದು ವಿಚಿತ್ರ ನಡೆಯುತ್ತಿತ್ತು. ವಾಕ್‌ಮನ್ ಒತ್ತಿದರೆ ಓಡುವುದಿಲ್ಲ. ತೆಗೆದು ನೋಡಿದರೆ ಸೆಲ್ಲುಗಳೇ ಇಲ್ಲ. ಹುಡುಕಿದರೆ ಕಿಟಕಿಯ ಕಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಮಲಗಿರುತ್ತಿದ್ದವು. ಅಪ್ಪ ಟಾರ್ಚಿಗೆ ತೆಗೆದುಕೊಂಡು ಅಲ್ಲೇ ಇಟ್ಟಿರಬೇಕು ಅಂದುಕೊಂಡು ಅವನ ಮೇಲೆ ರೇಗಿದೆ. "ನಿನ್ನ ಆಟದ ಸಾಮಾನು ನನಗ್ಯಾಕಮ್ಮ," ಅಂದ ಅವನು. ಮತ್ತೆ ಹಾಕಿಟ್ಟೆ. ಮತ್ತೆ ಕಿಟಕಿಯ ಕಟ್ಟೆ. ಆ ಕಟ್ಟೆ ಅಣ್ಣನ ಮಗ್ಗದ ಪಕ್ಕದ್ದು. ಅವನು ಅಲ್ಲೇ ತನ್ನ ಕಾಫಿ ಲೋಟ ಇಡುತ್ತಿದ್ದದ್ದು. ಹಗಲಲ್ಲೂ ನನಗೆ ಆ ಕಡೆ ಹೋಗಲು ಕಾಲು ಬರದ ಹಾಗಾಯಿತು.

ನಮ್ಮ ಬೀದಿಯಲ್ಲಿ ಅಮಾವಾಸ್ಯೆಯ ದಿನ ಮಗ್ಗ ಓಡಿಸುವುದಿಲ್ಲ. ಅಂಥ ಒಂದು ಅಮಾವಾಸ್ಯೆಯ ಮಧ್ಯಾಹ್ನ ಊಟಕ್ಕೆ ಎಲೆ ಹಾಕಿ ಅಮ್ಮನನ್ನು ಹುಡುಕಿದೆ. ಹಿತ್ತಲಲ್ಲಿಲ್ಲ, ದೇವರ ಮನೆಯಲ್ಲಿಲ್ಲ. ಶೆಡ್ಡಿನ ಬಾಗಿಲು ಓರೆಯಾಗಿತ್ತು. ಒಳಗೆ ಇಣುಕಿದೆ.

ಅಮ್ಮ ಕಿಟಕಿಯ ಪಕ್ಕ, ಕುಂಟುಮಗ್ಗ ಇದ್ದ ಜಾಗದಲ್ಲಿ, ಆ ತೂತುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕಿವಿಗೆ ಹೆಡ್‌ಫೋನು. ಶೆಡ್ಡಿನಲ್ಲಿ ಒಂದು ಮಗ್ಗವೂ ಓಡುತ್ತಿರಲಿಲ್ಲ, ಬೀದಿಯಲ್ಲೂ ಅಂಥ ಸದ್ದಿರಲಿಲ್ಲ. ಸದ್ದೇ ಇಲ್ಲದ ಕಡೆ ಕೂತು ಕಿವಿ ಮುಚ್ಚಿಕೊಂಡಿದ್ದಳು. ಹಾಡಾದರೂ ಕೇಳುತ್ತಿದ್ದಾಳೆಯೇ ಅಂದರೆ, ಸೆಲ್ಲುಗಳು ಕಿಟಕಿಯ ಕಟ್ಟೆಯ ಮೇಲಿದ್ದವು. ಕಣ್ಣು ಮುಚ್ಚಿದ್ದಳು. ಬಟ್ಟಲಿನ ಮೇಲಿನ ಟ್ಯೂಬಿನ ತುಂಡನ್ನು ಒಂದು ಬೆರಳಿನಿಂದ ಸವರುತ್ತಿದ್ದಳು.

ಕೂಗಿದೆ. ಕೇಳಿಸಲಿಲ್ಲ. ನೆಲದಿಂದ ವೇಸ್ಟ್ ನೂಲು ಎತ್ತಿ ಉಂಡೆ ಮಾಡಿ ಎಸೆದೆ. ಅದು ಅವಳ ಭುಜಕ್ಕೆ ತಾಗಿ ಮಡಿಲಿಗೆ ಬಿತ್ತು. ಅವಳು ಗಕ್ಕನೆ ಕಣ್ಣು ತೆರೆದಳು. ಬಾಗಿಲ ಕಡೆ ತಿರುಗಿದಾಗ ಅವಳ ಮುಖದಲ್ಲಿದ್ದ ಆಸೆ ನನ್ನನ್ನು ನೋಡಿ ಆರಿಹೋಯಿತು. ಅದು ನನಗಾಗಿ ಇದ್ದ ಆಸೆಯಲ್ಲ ಅಂತ ನನಗೆ ತಿಳಿಯಿತು. ಆದರೂ ಅವಳು ಸಿಟ್ಟಾಗಲಿಲ್ಲ. ಹೆಬ್ಬೆರಳು ತೋರುಬೆರಳು ಕೂಡಿಸಿ, ಚಿವುಟಿ, ಮೇಲಕ್ಕೆತ್ತಿದಳು. ಎಳೆ ಸಿಕ್ಕಿತು.

ನಾನು ಹತ್ತಿರ ಹೋಗಿ ಎದುರಿಗೆ ಕೂತೆ. ಅವಳು ಹೆಡ್‌ಫೋನ್ ತೆಗೆದಳು.

"ನಿಮಗೆ ಹೆದರಿಕೆಯಾಗುತ್ತೆ ಅಂತ ಹೇಳ್ಲಿಲ್ಲ ಕಣೇ," ಅಂದಳು. "ಮಿಕ್ಕಿದ್ದೆಲ್ಲಾ ಕೇಳ್ಸೋದು ನಿಂತುಹೋದ್ರೂ ಅವನ ಮಗ್ಗದ್ದೊಂದು ನಿಂತಿಲ್ಲ. ಇದನ್ನ ಹಾಕ್ಕೊಂಡ್ರೆ ಪಕ್ಕದಲ್ಲೇ ಇದ್ದಂಗೆ. ನೀನು ಹಾಡು ಹಾಕ್ಬಿಟ್ಟಿದ್ದೆ, ಅವನದು ಮುಚ್ಚಿಹೋಯ್ತು. ಅದಕ್ಕೇ ಬಿಸಾಕ್ದೆ."

ಇಷ್ಟು ದಿನ ನಾನೊಬ್ಬಳೇ ಅಂತ ನುಂಗಿಕೊಂಡಿದ್ದೆ. ಒಂದೇ ಸೂರಿನಡಿ ಇವಳೂ ನುಂಗಿಕೊಂಡಿದ್ದಳು. ನಾನು ಓಡಿಸಲು ಒದ್ದಾಡುತ್ತಿದ್ದದ್ದನ್ನು ಇವಳು ಉಳಿಸಿಕೊಳ್ಳಲು ಘಾಟಿಯವರೆಗೆ ಹೋಗಿ ಬೇಡಿಕೊಂಡಿದ್ದಳು.

"ಸೀರೆ ಮುಗಿಸಿದ್ವಲ್ಲಮ್ಮ," ಅಂದೆ, ಅವಳ ಬಲಗಿವಿಗೆ ಬಾಯಿಟ್ಟು. ಅಳು ಬರುತ್ತಿತ್ತು. "ನಾನೇ ಮುಗಿಸಿದ್ನಲ್ಲ."

"ನೀನು ಮುಗಿಸ್ದೆ. ಅವನು ನೇಯೋದು ಮುಗೀಬೇಕಲ್ಲ?" ಅಂದಳು ಅಮ್ಮ. "ಬೇಡ ಅಂದೆ, ನೀವು ಕೇಳ್ಲಿಲ್ಲ. ಆದ್ರೂ ಬಂದಿದ್ದಾನೆ, ನೇಯ್ತಿದ್ದಾನೆ. ಮುಗಿಸಿ ಹೋಗ್ಲಿ ಬಿಡು."

ಹೆಡ್‌ಫೋನನ್ನು ನನ್ನ ತಲೆಗೆ ತೊಡಿಸಿದಳು. ನಾನು ತಡೆಯಲಿಲ್ಲ. ಹೊರಗಿನ ಕಾಗೆಯ ಕೂಗೂ ನಿಂತಿತು. ಸ್ವಲ್ಪ ಹೊತ್ತು ನನ್ನ ಉಸಿರು ಮಾತ್ರ. ಆಮೇಲೆ ಬಂತು. ಟಕ್ಕಟ... ಟಕ್. ಟಕ್ಕಟ... ಟಕ್. ನಾನು ಬಾಯಿ ಬಿಡಲಿಲ್ಲ, ಕೈಯಲ್ಲೂ ತೋರಿಸಲಿಲ್ಲ. ಅಮ್ಮ ಕಣ್ಣು ಮುಚ್ಚಿ ನನ್ನ ಮಂಡಿಯ ಮೇಲೆ ಬೆರಳಿನಿಂದ ಬಡಿಯತೊಡಗಿದಳು. ನನ್ನ ಕಿವಿಯಲ್ಲಿ ಲಾಳಿ ಹೋದಾಗ ಬೆರಳು ಬಿತ್ತು. ಅದು ತಡೆದಾಗ ಬೆರಳೂ ತಡೆಯಿತು. ಅದು ಬಂದಾಗ ಬಿತ್ತು. ಒಂದು ಸಲವೂ ತಪ್ಪಲಿಲ್ಲ.

ಡಾಕ್ಟರಮ್ಮ ಹೇಳಿದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಕಿವಿ ಕೆಟ್ಟರೆ ಅದೇ ಸದ್ದು ಮಾಡುತ್ತದೆ. ಆದರೆ ನನ್ನ ಕೆಟ್ಟ ಕಿವಿಯೂ ಅಮ್ಮನ ಕೆಟ್ಟ ಕಿವಿಯೂ ಒಂದೇ ಮಗ್ಗಕ್ಕೆ ನಿಂತದ್ದು ಹೇಗೆ ಅಂತ ಕೇಳಲು ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ.

ಹೆಡ್‌ಫೋನ್ ತೆಗೆದು ಅವಳ ಕೈಗೆ ಕೊಟ್ಟೆ. "ಅಮ್ಮಾ, ಮಗ್ಗ ಓಡ್ವಾಗ್ಲೂ ಇದನ್ನ ಹಾಕ್ಕೋ. ಹಾಡು ಬೇಡ. ಆಗ್ಲೂ ಕೇಳ್ಸುತ್ತೆ."

"ಆಗ್ಲೂ ಕೇಳ್ಸುತ್ತಾ?"

"ನಾನು ಕೇಳಿದ್ದೀನಿ. ಮಿಕ್ಕ ಮಗ್ಗ ಎಲ್ಲಾ ದೂರ ಹೋಗುತ್ತೆ. ಅವನದು ಹತ್ರ ಬರುತ್ತೆ."

ಅಮ್ಮ ನನ್ನ ಮುಖವನ್ನೇ ನೋಡಿದಳು. ನಾನೂ ಕೇಳಿದ್ದೇನೆ ಅಂತ ಅವಳಿಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ನನ್ನ ತಲೆ ಎಳೆದು ಎದೆಗೆ ಒತ್ತಿಕೊಂಡು ಗಟ್ಟಿಯಾಗಿ ಅತ್ತಳು.

ಮಾರನೆಯ ದಿನ ಅಪ್ಪ ಮೋಟರ್ ಹಾಕುವ ಮೊದಲೇ ಅವಳು ಹೆಡ್‌ಫೋನ್ ಹಾಕಿಕೊಂಡು ಕಂಡಿಕೆಯ ಮುಂದೆ ಕೂತಿದ್ದಳು. ಆಮೇಲೆ ಒಂದು ದಿನವೂ ಅದಿಲ್ಲದೆ ಶೆಡ್ಡಿಗೆ ಬರಲಿಲ್ಲ. ವೈರನ್ನು ನಾನೇ ಕತ್ತರಿಸಿ ತೆಗೆದೆ, ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಬಲಗಿವಿ ಅಷ್ಟಕ್ಕೇ ನಿಂತಿತು, ಇನ್ನಷ್ಟು ಇಳಿಯಲಿಲ್ಲ. ಕೊನೆಯವರೆಗೂ ನಾನು ಬೈದದ್ದು ಅವಳಿಗೆ ಕೇಳಿಸುತ್ತಿತ್ತು, ತಿರುಗಿಸಿ ಬೈಯುತ್ತಿದ್ದಳು.

ಬೀದಿಯವರು ಮಾತ್ರ ಈ ಮುದುಕಿಗೆ ಏನು ಹಾಡಿನ ಹುಚ್ಚಪ್ಪಾ ಅಂತ ನಗುತ್ತಿದ್ದರು. ಯಾವ ಹಾಡು ಹಾಕಿಕೊಂಡಿದ್ದೀರಿ ಅಂತ ಯಾರಾದರೂ ಕೈಸನ್ನೆಯಲ್ಲಿ ಕೇಳಿದರೆ, ಅಮ್ಮ ನನ್ನ ಕಡೆ ಒಂದು ಸಲ ನೋಡಿ, ಅಂಗೈ ಎತ್ತಿ ನಿಲ್ಲು ಅಂತ ತೋರಿಸುತ್ತಿದ್ದಳು. ಅಣ್ಣ ಇನ್ನೂ ಊಟಕ್ಕೆ ಎದ್ದಿರಲಿಲ್ಲ.